ಅರ್ಧಕ್ಕೆ ನಿಂತ ಕತೆಗಳು

ರಾತ್ರಿ ನಾಲ್ಕು ಹನಿ ಬಿದ್ದು ನಿಂತಿದ್ದವು. ಬೆಳಗ್ಗೆ ತಡವಳ ಊರಿನ ಮೇಲೆ ಮೋಡ ಮುಚ್ಚಿತ್ತು. ಬೇವಿನ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಏಪ್ರಿಲ್ ತಿಂಗಳ ಆ ಸೆಕೆಯಲ್ಲಿ ರೂಪಾಲಿ ಹಾಸಿಗೆ, ಹೊದಿಕೆಗಳನ್ನೆಲ್ಲ ಎತ್ತಿ ಎತ್ತಿ ಎಸೆಯುತ್ತಿದ್ದಳು.

“ನನ್ನ ಲೈಬ್ರರಿ ಬುಕ್ ಎಲ್ಲಿ? ಯಾರ್ ತಗೊಂಡೀರಿ?”

ಅವತ್ತು ಶಾಲೆಯಲ್ಲಿ ಅವಳ ಐದನೆಯ ತರಗತಿಯವರು ವರ್ಷವಿಡೀ ತಾವು ಓದಿದ್ದರ ಬಗ್ಗೆ ಎಲ್ಲರ ಮುಂದೆ ನಿಂತು ಹೇಳಬೇಕಿತ್ತು. ಲೈಬ್ರರಿ ಪುಸ್ತಕ ವಾಪಸ್ ಕೊಡದವರಿಗೆ ಮಾತಾಡಲು ಚಾನ್ಸ್ ಇಲ್ಲ, ರಜೆಗೆ ಹೊಸ ಪುಸ್ತಕವೂ ಇಲ್ಲ ಎಂದು ಮಲಕಮ್ಮ ಟೀಚರ್ ಮೊದಲೇ ಹೇಳಿದ್ದರು.

“ಕುರಿ ತಿಂದಿರಬೇಕ್ ನೋಡು,” ಹಲ್ಲುಜ್ಜುತ್ತಿದ್ದ ಅಣ್ಣ ಸೋಮು ನಕ್ಕ. “ನಿನಗಿಂತ ಅದಽ ಛಲೋ ಓದತೈತಿ.”

“ನೀ ಸುಮ್ ಕುಂಡ್ರೋ!”

ಆಗ ದೇವರ ಗೂಡಿನಲ್ಲಿ ಹಳದಿ ಬಟ್ಟೆಯ ಗಂಟೊಂದು ಕಣ್ಣಿಗೆ ಬಿತ್ತು. ಅದರೊಳಗಿಂದ ಪುಸ್ತಕದ ಮೂಲೆ ಇಣುಕುತ್ತಿತ್ತು. ಮೇಲೆಲ್ಲ ಬೀರೋಬ ದೇವರ ಭಂಡಾರ, ಅರಿಸಿನದ ಪುಡಿ!

ರೂಪಾಲಿ ಕೈ ಚಾಚುವಷ್ಟರಲ್ಲಿ ಅಜ್ಜಿ ಬೀರವ್ವ ಗಂಟನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

“ಕೈ ಹಚ್ಚಬ್ಯಾಡ. ಕತಿ ಇನ್ನಾ ಮುಗದಿಲ್ಲ.”

“ಅಜ್ಜೀ, ಬುಕ್ ಪೂರಾ ಹಳದಿ ಮಾಡಿಟ್ಟೀಯಲ್ಲ! ಟೀಚರ್ ಬೈತಾರ! ಕೊಡು!”

“ನಮ್ಮಪ್ಪ ಡೊಳ್ಳಿನ ಹಾಡಿಕಿ ಮಾಡಾಂವ. ದೇವರ ಕತಿ ಅರ್ಧಕ್ಕ ನಿಂತರ ಡೊಳ್ಳಿಗಿ ಭಂಡಾರ ಹಚ್ಚಿ ಗೂಡಿನ ಮುಂದ ಇಡತಿದ್ದ. ಕತಿ ಮುಗಿಯೂತನಾ ಅದು ಹೊಸ್ತಿಲಾ ದಾಟತಿದ್ದಿಲ್ಲ.”

“ಇದೇನ್ ಡೊಳ್ಳೇನು? ಸಾಲಿ ಬುಕ್! ನಿನಗ ಓದಾಕೂ ಬರಂಗಿಲ್ಲ, ಏನೂ ತಿಳಿಯಂಗಿಲ್ಲ!”

ಸೋಮುವಿನ ಬ್ರಷ್ ಬಾಯಲ್ಲೇ ನಿಂತಿತು.

ಅಜ್ಜಿಯ ಮುಖ ಕೆಂಪಾಯಿತು. “ಓದಾಕ ಬರಂಗಿಲ್ಲ, ಖರೇ. ಅದಕ್ಕಽ ಕೇಳ್ತೀನಿ, ಹೇಳು. ದೀಪಾವಳ್ಯಾಗ ಮಂಗ್ಯಾ ರೈಲು ಹತ್ತಿತ್ತು. ಎಲ್ಲಿ ಇಳೀತು? ಮರಾಠಿ ಪುಸ್ತಕದಾಗ ಆ ಪೋರಿ ಸೊಲ್ಲಾಪುರದಾಗ ಚಾದರ ನೇಯೋ ಮಗ್ಗದ ಕೆಳಗ ಅಡಗಿದ್ಳು. ಕಳ್ಳ ಸಿಕ್ಕನೋ ಇಲ್ಲೋ? ಚಂದ್ರನ ಮ್ಯಾಗ ಹ್ವಾದಾಕಿ ವಾಪಸ್ ಬಂದ್ಳೇನು?”

ರೂಪಾಲಿ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು.

“ಈಗ ಇದರಾಗ ಹೊಳಿ ತುಂಬಿ ಬಂದೈತಿ. ಹುಡುಗಿ ಆಡಿನ್ನ ಬೆನ್ನಿಗಿ ಕಟಗೊಂಡು ಮರಾ ಏರ್ಯಾಳ. ವಾರ ಆತು, ಆ ಮೂಕ ಜೀವ ಹಸದು ಅಲ್ಲೇ ಕುಂತೈತಿ! ಕತಿ ರಂಗಕ್ಕ ಬಂತಂದ್ರ ನೀ ಬಾಯಿ ಮುಚ್ಚತಿ, ಕಣ್ಣಾಗಽ ಓದಿ ಮುಗಸ್ತಿ. ನಾ ಮಾತ್ರ ನಡುನೀರಾಗ!”

ಶಾಲೆಯಲ್ಲಿ ಹೇಳಬೇಕೆಂದು ರೂಪಾಲಿ ಬಾಯಿಪಾಠ ಮಾಡಿಕೊಂಡಿದ್ದು ಇವೇ ಕತೆಗಳನ್ನು. ಮಂಗ, ಮಗ್ಗ, ಚಂದ್ರ. ಎಲ್ಲವನ್ನೂ ಓದಿದ್ದು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು. ಅಜ್ಜಿ “ಮುಂದ?” ಎಂದಾಗಲೆಲ್ಲ ಅವಳು “ತಡಿ” ಎನ್ನುತ್ತಿದ್ದಳು. ಆಮೇಲೆ ಹಾಳೆ ತಿರುವುವ ಸಪ್ಪಳವಷ್ಟೇ. ಅಜ್ಜಿ ತನಗೆ ತಿಳಿಯದ ಅಕ್ಷರಗಳನ್ನೇ ನೋಡುತ್ತ ಕುಳಿತಿರುತ್ತಿದ್ದಳು.

ಸಿಟ್ಟು ಇನ್ನೂ ಇಳಿದಿರಲಿಲ್ಲ. ಯಾರ ಮೇಲೆ ಎಂಬುದು ಮಾತ್ರ ಈಗ ಗೊತ್ತಾಗುತ್ತಿರಲಿಲ್ಲ.

ಶಾಲೆಯ ಗಂಟೆ ಹೊಡೆಯಿತು. ಸೋಮು ಚೀಲ ಹೆಗಲಿಗೇರಿಸಿದ. “ನಾ ಹೊಂಟೆ. ಟೀಚರ್‌ಗಿ ಏನ್ ಹೇಳ್ಲಿ?”

“ಬರ್ತೀನಂತ ಹೇಳು.”

“ಯಾವಾಗ?”

“ಆಡು ಮರಾ ಇಳದ ಮ್ಯಾಲ!” ರೂಪಾಲಿ ಗದರಿದಳು. ಅಜ್ಜಿಯ ಎದುರು ಧೊಪ್ಪನೆ ಕುಳಿತಳು.

ಅಜ್ಜಿ ಗಂಟು ಬಿಚ್ಚಿ, ಪುಸ್ತಕವನ್ನು ತನ್ನ ಮಡಿಲಲ್ಲೇ ಅಗಲಿಸಿ ಹಿಡಿದಳು. ರೂಪಾಲಿ ಬಗ್ಗಿ ಓದತೊಡಗಿದಳು. ಮೊದಲು ಜಗಳದ ದನಿಯಲ್ಲಿ. ಹೊಳೆ ಏರಿದಂತೆ ದನಿ ಸಣ್ಣದಾಯಿತು. ಕೊಂಬೆ ಮುರಿಯುವ ಹೊತ್ತಿಗೆ ಕಣ್ಣು ಮುಂದಿನ ಸಾಲಿಗೆ ಓಡಿತು. ಅವಳು ಸಾಲಿನ ಕೆಳಗೆ ಬೆರಳಿಟ್ಟು ಕಣ್ಣನ್ನು ಹಿಂದಕ್ಕೆ ಎಳೆದಳು. ಒಂದು ಶಬ್ದವನ್ನೂ ನುಂಗಲಿಲ್ಲ.

ಕೊನೆಗೆ ದೋಣಿ ಬಂತು. ಮೊದಲು ಆಡು ಇಳಿಯಿತು, ಆಮೇಲೆ ಹುಡುಗಿ.

“ಉಳೀತವ್ವಾ!” ಅಜ್ಜಿ ಉಸಿರು ಬಿಟ್ಟಳು. “ಮುಂದ?”

“ಮುಗೀತು, ಅಜ್ಜಿ.” ರೂಪಾಲಿ ಪುಸ್ತಕದ ರಟ್ಟು ಮುಚ್ಚಿದಳು. “ಮಂಗ್ಯಾ ಎಲ್ಲಿ ಇಳೀತು ಅನ್ನೂದು ಸಂಜಿಕ ಹೇಳ್ತೀನಿ. ಉಳದದ್ದೂ ಹೇಳ್ತೀನಿ.”

ಅಜ್ಜಿ ಸೆರಗಿನಿಂದ ರಟ್ಟಿನ ಮೇಲಿನ ಭಂಡಾರ ಒರೆಸಿದಳು. ಅಂಚಿನಲ್ಲಿ ಒಂದಿಷ್ಟು ಹಳದಿ ಉಳಿದೇ ಉಳಿಯಿತು. ಪುಸ್ತಕವನ್ನು ಒಮ್ಮೆ ಹಣೆಗೆ ಮುಟ್ಟಿಸಿ, ಮೊಮ್ಮಗಳ ಕೈಯಲ್ಲಿ ಇಟ್ಟಳು.