ಕರೆದವರಿಗೆಲ್ಲ ವ್ಯಾನು

ಕರೆದವರ ಬಳಿಗೆಲ್ಲ ಓಡುವ ಗಂಡಸನ್ನು ಪ್ರೀತಿಸಬಾರದು ಎಂದು ನಿಸರ್ಗಾ ಎಂದೋ ತೀರ್ಮಾನಿಸಿದ್ದಳು. ಆದರೂ ಭಾನುವಾರ ಮಧ್ಯಾಹ್ನ ಯೂನಿಯನ್ ಸಿಟಿಯ ಚರ್ಚಿನ ಪಾರ್ಕಿಂಗ್ ಲಾಟಿಗೆ ಆ ಬಿಳಿ ವ್ಯಾನು ತಿರುಗಿದರೆ ಸಾಕು, ಸಭೆಯ ಊಟಕ್ಕೆ ಅಡುಗೆ ಮಾಡುತ್ತಿದ್ದ ಅವಳ ಕೈಯ ಸೌಟು ನಿಂತುಬಿಡುತ್ತಿತ್ತು.

ವ್ಯಾನಿನವನು ಸಂತೋಷಕುಮಾರ, ಆ ಪರದೇಶದ ಊರಿನ ಕನ್ನಡ ಕ್ರೈಸ್ತ ಸಭೆಯ ಬಲಗೈ. ಕುರ್ಚಿ ಹಾಕುವವನು ಅವನೇ, ಕಾರಿಲ್ಲದವರನ್ನು ಆರಾಧನೆಗೆ ಕರೆತರುವವನೂ ಅವನೇ. ಯಾರು ಫೋನ್ ಮಾಡಿದರೂ ಯಾರು, ಯಾಕೆ ಎಂದು ಕೇಳುತ್ತಿರಲಿಲ್ಲ, "ಎಲ್ಲಿಗೆ ಬರ್ಲಿ?" ಎನ್ನುತ್ತಿದ್ದ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಪ್ರಾಣಿ.

ಪುಲಾವಿನ ಪಾತ್ರೆ ಇಳಿಸಿಕೊಡುವ ನೆಪದಲ್ಲಿ ಅಡುಗೆಮನೆಗೆ ಬಂದು ಅವಳ ಮುಖವನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ನೋಡುತ್ತಿದ್ದ.

"ಉಪ್ಪು ನೋಡಿ ಬ್ರದರ್."

"ಸರಿಯಾಗಿದೆ ಸಿಸ್ಟರ್."

"ಇನ್ನೂ ಬಾಯಿಗೇ ಹಾಕ್ಲಿಲ್ವಲ್ಲ!"

ಅವನ ಕಿವಿ ಕೆಂಪಾಗುತ್ತಿತ್ತು. ಸಿಸ್ಟರಂತೆ ಸಿಸ್ಟರ್! ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಇವನ ಅಕ್ಕರೆ ತನಗೋ, ಇಡೀ ಸಭೆಗೋ?

ಆ ಭಾನುವಾರ ವ್ಯಾನಿನಿಂದ ಕೊನೆಗೆ ಇಳಿದವನು ಅನಿಕೇತ.

ಕಿಟಕಿಯಿಂದ ನೋಡಿದ ನಿಸರ್ಗಾ ಒಲೆಯ ತನಕ ಹಿಂದೆ ಸರಿದಳು. ಹಿಂದೆ ಸನ್ನಿವೇಲ್ ಊರಿನ ಅಪಾರ್ಟ್‌ಮೆಂಟಿನಲ್ಲಿ ಅವಳ ದವಡೆ ಮುರಿದಿದ್ದ ಮಾಜಿ ಗಂಡ ಅವನು. ಹತ್ತಿರ ಸುಳಿಯಕೂಡದು ಎಂದು ಕೋರ್ಟು ಆಜ್ಞೆ ಮಾಡಿತ್ತು. ಸಭೆಯ ವೆಬ್‌ಸೈಟಿನಲ್ಲಿ ಅವಳ ಫೋಟೋ ನೋಡಿದವನು, ರೈಲು ಸ್ಟೇಷನ್ನಿನಿಂದ ಸಂತೋಷನಿಗೆ ಫೋನ್ ಮಾಡಿ "ಪ್ರೇಯರ್‌ಗೆ ಬರ್ಬೇಕು ಬ್ರದರ್" ಎಂದಿದ್ದ. ಅವನ ಮುಖವನ್ನೇ ಅರಿಯದ ಸಂತೋಷ ಸೀಟ್ ಬೆಲ್ಟು ಎಳೆದುಕೊಟ್ಟು ಕರೆತಂದಿದ್ದ.

ಅನಿಕೇತ ನೆಟ್ಟಗೆ ಅಡುಗೆಮನೆಗೇ ಬಂದ. "ಇಲ್ಲಿ ಅಡಗಿದ್ದೀಯೇನೇ?" ಎಂದು ಜಡೆ ಹಿಡಿದು ಅವಳ ಮುಖವನ್ನು ಫ್ರಿಜ್ಜಿನ ಬಾಗಿಲಿಗೆ ಬಡಿದ. ತುಟಿ ಸೀಳಿತು. ಬಾಯಿಗೆ ರಕ್ತದ ರುಚಿ ಬಂತು; ಅದು ಅವಳಿಗೆ ಹಳೆಯ ಪರಿಚಯ. ಮತ್ತೆ ಬಡಿಯುವಷ್ಟರಲ್ಲಿ ಸಂತೋಷ ನಡುವೆ ನುಗ್ಗಿ ಜಡೆ ಬಿಡಿಸಿದ.

"ಪಕ್ಕಕ್ಕೆ ಹೋಗಿ ಬ್ರದರ್. ಇದು ಫ್ಯಾಮಿಲಿ ಮ್ಯಾಟರು."

"ಇಲ್ಲ."

ಅವನ ಬಾಯಿಂದ ಆ ಮಾತನ್ನು ಸಭೆ ಕೇಳಿದ್ದೇ ಇಲ್ಲ. ಅನಿಕೇತ ಕಬ್ಬಿಣದ ಮಡಚುವ ಕುರ್ಚಿ ಎತ್ತಿ ಬೀಸಿದ. ಸಂತೋಷನ ಬಲಗೈ ಮೂಳೆ ಲಟ್ಟೆಂದಿತು. ಮತ್ತೆ ಬೀಸಿದ, ಹುಬ್ಬು ಒಡೆದು ಬಿಳಿ ಅಂಗಿ ಕೆಂಪಾಯಿತು. ಇನ್ನೊಂದು ಏಟು ಪಕ್ಕೆಗೆ. ಸಂತೋಷ ಬಿದ್ದ, ಎದ್ದ, ಮತ್ತೆ ಅವಳಿಗೆ ಅಡ್ಡವಾಗಿ ನಿಂತ.

ನಿಸರ್ಗಾಳ ಭಯ ಅಲ್ಲಿಗೆ ಮುಗಿಯಿತು. ಕುದಿಯುವ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದೆತ್ತಿ ಅನಿಕೇತನ ಕಾಲ ಮೇಲೆ ಸುರಿದಳು. "ನಿನ್ನ ಏಟು ತಿಂದಿದ್ದು ಸಾಕು ಕಣೋ!" ಅರಚುತ್ತ ಕುಸಿದವನನ್ನು ಓಡಿಬಂದ ಗಂಡಸರು ಪೊಲೀಸರು ಬರುವ ತನಕ ನೆಲಕ್ಕೆ ಒತ್ತಿ ಹಿಡಿದರು.

ಆಸ್ಪತ್ರೆಯಲ್ಲಿ ಅವಳ ತುಟಿಗೆ ಹೊಲಿಗೆ, ಅವನ ಕೈಗೆ ಪ್ಲಾಸ್ಟರು. ಪಾಸ್ಟರು ವ್ಯಾನನ್ನು ತಂದು ನಿಲ್ಲಿಸಿ ಕೀಲಿ ಕೊಟ್ಟು ಹೋದರು. ಅವರು ಹೋದದ್ದೇ ತಡ, ಸಂತೋಷ ಅತ್ತುಬಿಟ್ಟ.

"ನಾನೇ ಕರ್ಕೊಂಡ್ ಬಂದೆ. ಯಾರು, ಯಾಕೆ ಅಂತ ಒಂದ್ ಮಾತು ಕೇಳ್ಲಿಲ್ಲ. ಇನ್ನು ನಿಮ್ಮ ಕಣ್ಣಿಗೆ ಬೀಳಲ್ಲ."

"ಕೇಳ್ಬೇಕಿತ್ತು," ಎಂದಳು. ಅವಳಿಗೂ ಸಿಟ್ಟಿತ್ತು, ಸುಳ್ಳೇಕೆ? "ನಾನೂ ಅವನ ಫೋಟೋ ತೋರಿಸ್ಬೇಕಿತ್ತು. ನಾಚಿಕೆ ಅಂತ ಮುಚ್ಚಿಟ್ಟೆ. ಆದ್ರೆ ಊರಿಗೆಲ್ಲ ಏನು ಬೇಕು ಅಂತ ಕೇಳ್ತೀರಲ್ಲ, ನಿಮಗೇನು ಬೇಕು ಅಂತ ಯಾವತ್ತಾದ್ರೂ ಬಾಯ್ಬಿಟ್ಟಿದ್ದೀರಾ?"

ಅವನು ಕಣ್ಣೊರೆಸಿಕೊಂಡ. ಆಮೇಲೆ ಎಡಗೈಯಿಂದ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ.

"ಮನೆಗೆ ಬಿಡ್ತೀರಾ... ನಿಸರ್ಗಾ?"

"ಯಾರು, ಯಾಕೆ ಅಂತ ಮೊದ್ಲು ಹೇಳಿ." ಹೊಲಿಗೆ ನೋಯುತ್ತಿದ್ದರೂ ಅವಳಿಗೆ ನಗು ತಡೆಯಲಾಗಲಿಲ್ಲ.

"ಸಂತೋಷಕುಮಾರ. ನೀವಿಲ್ದೆ ನಂಗಾಗಲ್ಲ, ಅದಕ್ಕೆ."

ವ್ಯಾನಿನಲ್ಲಿ ಅವನನ್ನು ಪಕ್ಕದ ಸೀಟಿಗೆ ಕೂರಿಸಿ, ಮುರಿದ ಕೈಗೆ ತಾಗದಂತೆ ಬೆಲ್ಟನ್ನು ಅವಳೇ ಹಾಕಿದಳು.