ಹಿಂದಿನ ನೀಲಿ ಪೋರ್ಟು

ಕಂಪ್ಯೂಟರಿನ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ನಾಲ್ಕು ನೀಲಿ ಪೋರ್ಟುಗಳಿದ್ದವು. ನಾಲ್ಕೂ ಸರಿಯಾಗಿದ್ದವು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವು ಕೆಟ್ಟುಹೋಗಿವೆ ಎಂದು ಸಿಸ್ಟಮ್ ಮೇಡಂ ಒಬ್ಬ ಮನುಷ್ಯನಿಗೆ ನಾಲ್ಕು ಶನಿವಾರಗಳಿಂದ ಹೇಳಿಕೊಂಡು ಬಂದಿದ್ದಳು. ಅದೂ ಕಣ್ಣಲ್ಲಿ ಕಣ್ಣಿಟ್ಟು.

ಕೃತಕ ಕಾಲು ಮಾಡುವ ಆ ವರ್ಕ್‌ಶಾಪಿನಲ್ಲಿ ಕಂಪ್ಯೂಟರುಗಳ ಜವಾಬ್ದಾರಿ ಅವಳದು. ಕೆಳಗಿನ ಅಂತಸ್ತಿನ ಮೂಲೆಯ ಕೋಣೆ. ಬಾಗಿಲಾಚೆ ಪ್ಲಾಸ್ಟರ್ ಪುಡಿಯ ಬಿಳಿ ಧೂಳು, ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕಿದ, ಇನ್ನೂ ಯಾರನ್ನೂ ಸೇರದ ಕಾಲುಗಳು. ಯಾರ ಮೌಸ್ ಕೈಕೊಟ್ಟರೂ, ಯಾರ ಪ್ರಿಂಟರ್ ಮುನಿಸಿಕೊಂಡರೂ "ಸಿಸ್ಟಮ್ ಮೇಡಂ!" ಎಂದು ಕೂಗು ಬರುತ್ತಿತ್ತು. ಮೂವತ್ತನಾಲ್ಕು ವರ್ಷದ ಈ ಹೆಂಗಸು ಸುಳ್ಳು ಹೇಳುತ್ತಾಳೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಅವಳೂ ಅಂದುಕೊಂಡಿರಲಿಲ್ಲ.

ಆ ಮನುಷ್ಯನನ್ನು ಎಲ್ಲರೂ ಕಾಲು ಮೇಷ್ಟ್ರು ಎನ್ನುತ್ತಿದ್ದರು. ಅವನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ. ವಾರವಿಡೀ ಊರೂರು ಸುತ್ತಿ ಕ್ಯಾಂಪ್ ಹಾಕಿ, ಕಾಲು ಕಳೆದುಕೊಂಡವರ ಅಳತೆಯನ್ನು ಸ್ಕ್ಯಾನರಿನಲ್ಲಿ ಹಿಡಿದು, ಅವರು ಕೂರುವ, ಏಳುವ, ಕೋಲೂರಿ ನಡೆಯುವ ವಿಡಿಯೋ ತೆಗೆದುಕೊಳ್ಳುವವನು. ಹೊಸ ಕಾಲು ತಯಾರಾದ ಮೇಲೆ ಕೈ ಹಿಡಿದು ನಡೆಸಿ ಕಲಿಸುವವನೂ ಅವನೇ. ಇಷ್ಟನ್ನೂ ಅಂಗೈಯಗಲದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು ಶನಿವಾರ ಮಧ್ಯಾಹ್ನ ಬರುತ್ತಿದ್ದ. ಅದನ್ನು ಅವಳ ಕಂಪ್ಯೂಟರಿಗೆ ಕಾಪಿ ಮಾಡಿದರೆ, ಸೋಮವಾರ ಮೇಲಿನ ಅಂತಸ್ತಿನವರು ಕಾಲು ಮಾಡಲು ಶುರುಮಾಡುತ್ತಿದ್ದರು.

ಮೊದಲ ಶನಿವಾರ ಶುರುವಿನಲ್ಲಿ ಅವಳ ತಪ್ಪೇನೂ ಇರಲಿಲ್ಲ. ಕೈಗೆ ಹತ್ತಿರ ಸಿಕ್ಕಿದ್ದು ಮುಂದಿನ ಕಪ್ಪು ಪೋರ್ಟು, ಅದಕ್ಕೇ ಸಿಕ್ಕಿಸಿದಳು. ಪರದೆಯ ಮೇಲೆ ಮೂರು ಗಂಟೆ ಬಾಕಿ ಎಂದು ಬಂತು. ಕಪ್ಪು ಪೋರ್ಟು ಹಳೆಯ ಕಾಲದ್ದು, ನಿಧಾನ. ಹಿಂದಿನ ನೀಲಿ ಪೋರ್ಟಿಗೆ ಹಾಕಿದರೆ ಮುಕ್ಕಾಲು ಗಂಟೆಯ ಕೆಲಸ. ಬದಲಾಯಿಸೋಣವೆಂದು ಅವಳು ಬಗ್ಗುವಷ್ಟರಲ್ಲಿ ಅವನು ಕುರ್ಚಿ ಎಳೆದುಕೊಂಡಿದ್ದ.

"ಮೂರು ಗಂಟೇನಾ? ಸರಿ, ಹಾಗಾದ್ರೆ ಇಲ್ಲೇ ಕೂತಿರ್ತೀನಿ. ನಿಮಗೇನೂ ತೊಂದ್ರೆ ಇಲ್ಲ ತಾನೇ?"

ಅವನ ಮುಖದ ಮೇಲೆ ವಾರದ ದಣಿವಿತ್ತು, ಆ ದಣಿವಿನ ನಡುವೆ ಒಂದು ನಗು ಜಾಗ ಮಾಡಿಕೊಂಡು ಕೂತಿತ್ತು. ಬಗ್ಗಿದವಳು ನೆಟ್ಟಗಾದಳು.

"ಹಿಂದಿನ ಪೋರ್ಟು ಫಾಸ್ಟು. ಆದ್ರೆ ಏನ್ ಮಾಡೋದು, ಎಲ್ಲಾ ಕೆಟ್ಟೋಗಿವೆ," ಎಂದಳು. ಅವನೇನೂ ಅದನ್ನು ವಿಚಾರಿಸಿರಲಿಲ್ಲ.

ಅಲ್ಲಿಂದ ಶನಿವಾರಗಳಿಗೆ ಬೇರೆಯೇ ಬಣ್ಣ ಬಂತು. ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತಿದ್ದರೆ ಇವರಿಬ್ಬರ ಮಾತು ಓಡುತ್ತಿತ್ತು.

"ನೀವು ಎಡಗಾಲು ಸ್ವಲ್ಪ ಜೋರಾಗಿ ಊರ್ತೀರ, ಗೊತ್ತಾ?" ಎಂದಿದ್ದ ಒಂದು ದಿನ.

"ನನ್ನ ಕಾಲು ನೋಡ್ತಾ ಕೂತಿದ್ರಾ?"

"ಅದು ನನ್ನ ಉದ್ಯೋಗ ಮೇಡಂ."

"ಕಾಪಿ ಆಗೋವಾಗ ಉದ್ಯೋಗಕ್ಕೆ ರಜ ಅಂದ್ಕೊಂಡಿದ್ದೆ."

ಅವನ ಕಿವಿ ಕೆಂಪಾಯಿತು. ಮಾತು ತಪ್ಪಿಸಲು ಪರದೆಯತ್ತ ತಿರುಗಿ, "ಇನ್ನೂ ಎರಡು ಗಂಟೆ ಇದೆ," ಎಂದ. ಆ ದನಿಯಲ್ಲಿ ಬೇಸರವೇನೂ ಇರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸುವುದು ಅವಳಿಗೆ ಬೇಕಾಗಿತ್ತು, ಅದೂ ನಿಜ.

ಮನೆಗೆ ಹೋದ ಮೇಲೆ ಮಾತ್ರ ನಾಚಿಕೆ ಹಿಡಿದುಕೊಳ್ಳುತ್ತಿತ್ತು. ಅಕ್ಕ ತಟ್ಟೆ ಹಾಕುತ್ತಾ, "ಏನೇ, ಶನಿವಾರದ ಬಟ್ಟೆಗೆ ಮಾತ್ರ ಇಸ್ತ್ರಿ? ಕಂಪ್ಯೂಟರಿಗೂ ಕಣ್ಣು ಬಂದಿದ್ಯಾ?" ಎಂದು ಕಿಚಾಯಿಸಿದರೆ ಉಪ್ಪಿನಕಾಯಿ ತರುವ ನೆಪದಲ್ಲಿ ಅವಳು ಎದ್ದು ಹೋಗುತ್ತಿದ್ದಳು. ಆರು ದಿನ ಬಸ್ಸಿನಲ್ಲಿ ಅಲೆದು ಬಂದವನ ಎರಡು ಗಂಟೆಯನ್ನು ತಾನು ಪ್ರತಿವಾರ ಕದಿಯುತ್ತಿದ್ದೇನೆ ಅನ್ನಿಸುತ್ತಿತ್ತು. ಮುಂದಿನ ವಾರ ನೀಲಿ ಪೋರ್ಟಿಗೇ ಹಾಕುತ್ತೇನೆ ಎಂದು ಅವಳು ಪ್ರತಿ ಶನಿವಾರ ಸಂಜೆ ತೀರ್ಮಾನ ಮಾಡುತ್ತಿದ್ದಳು. ಆ ತೀರ್ಮಾನ ಶುಕ್ರವಾರದವರೆಗೆ ಗಟ್ಟಿಯಾಗಿಯೇ ಇರುತ್ತಿತ್ತು.

ಐದನೆಯ ಶನಿವಾರ ಬಿಸಿಲು ಕೆಂಡದಂತಿತ್ತು. ಅವನು ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಅವಳು ತನ್ನ ಮೇಜಿನ ಪುಟ್ಟ ಯುಎಸ್‌ಬಿ ಫ್ಯಾನನ್ನು ಅವನ ಕಡೆ ತಿರುಗಿಸಿದಳು. ಫ್ಯಾನಿನ ವೈರು ಅಷ್ಟು ದೂರ ಎಟಕಲಿಲ್ಲ. ಒಂದು ಪೋರ್ಟನ್ನು ನಾಲ್ಕು ಮಾಡುವ ಹಳೆಯ ಹಬ್ ಒಂದನ್ನು ಡ್ರಾಯರಿನಿಂದ ತೆಗೆದು, ಉದ್ದದ ಸಪೂರ ಕೇಬಲ್ಲಿನಲ್ಲಿ ಮುಂದಿನ ಕಪ್ಪು ಪೋರ್ಟಿಗೆ ಜೋಡಿಸಿ, ಅವನ ಕುರ್ಚಿಯ ಪಕ್ಕಕ್ಕಿಟ್ಟು, ಅದಕ್ಕೆ ಫ್ಯಾನ್ ಹಾಕಿದಳು. ಅದೇ ಹಬ್‌ಗೆ ಹಾರ್ಡ್ ಡಿಸ್ಕನ್ನೂ ಹಾಕಿದಳು.

ಆ ಹಬ್‌ಗೆ ಸ್ವಂತ ಕರೆಂಟಿರಲಿಲ್ಲ. ಒಂದೇ ಪೋರ್ಟು ಕೊಡುವ ಚೂರು ಕರೆಂಟಿನಲ್ಲಿ ಫ್ಯಾನೂ ತಿರುಗಬೇಕು, ಡಿಸ್ಕೂ ತಿರುಗಬೇಕು. ಹಾರ್ಡ್ ಡಿಸ್ಕನ್ನು ಇಂಥ ಹಬ್‌ಗೆ ಹಾಕಬಾರದು ಎಂಬುದು ಹೊಸಬರಿಗೆ ಅವಳೇ ಮೊದಲ ದಿನ ಹೇಳಿಕೊಡುವ ಪಾಠ. ಆದರೆ ಅವನು ಫ್ಯಾನಿಗೆ ಮುಖವೊಡ್ಡಿ "ಅಬ್ಬಾ, ಪುಣ್ಯ ಬರ್ಲಿ ನಿಮಗೆ" ಎಂದು ಕಣ್ಣು ಮುಚ್ಚಿದಾಗ ಅವಳಿಗೆ ಯಾವ ಪಾಠವೂ ನೆನಪಿಗೆ ಬರಲಿಲ್ಲ.

ಕಾಪಿ ಅರ್ಧ ಮುಗಿದಿತ್ತು. ಅವನು ಕೀಬೋರ್ಡ್ ತನ್ನತ್ತ ಎಳೆದುಕೊಂಡು, ಡಿಸ್ಕಿನಲ್ಲೇ, ಎಲ್ಲರೂ ಟೈಲರಜ್ಜಿ ಎನ್ನುವ ಮುದುಕಿಯೊಬ್ಬಳ ಫೋಲ್ಡರ್ ತೆರೆದು ಟಿಪ್ಪಣಿ ಬರೆದು ಸೇರಿಸುತ್ತಿದ್ದ.

"ಈ ಅಜ್ಜಿಗೆ ನಡೆಯೋ ಕಾಲು ಬೇಡ್ವಂತೆ ಮೇಡಂ. ಹೊಲಿಗೆ ಮಷೀನ್ ತುಳಿಯೋ ಕಾಲು ಬೇಕಂತೆ. ಪಾದ ಇಷ್ಟು ಬಾಗ್ಬೇಕು, ಇಷ್ಟು ವಾಪಸ್ ಬರ್ಬೇಕು ಅಂತ ಕೈಯಲ್ಲೇ ಮಾಡಿ ತೋರಿಸಿದ್ರು."

ಅವನು ಅಂಗೈ ಆಡಿಸಿ ತೋರಿಸಿದ. ಹಣೆಯಿಂದ ಬೆವರು ಇಳಿಯುತ್ತಿತ್ತು. ಅವಳು ಕೈಚಾಚಿ ಫ್ಯಾನಿನ ಸ್ಪೀಡ್ ಒಂದು ಮೆಟ್ಟಿಲು ಏರಿಸಿದಳು.

ಟಿಕ್. ಟಿಕ್. ಟಿಕ್.

ಡಿಸ್ಕಿನ ದೀಪ ಮಿಣುಕಿ ಆರಿತು. ಹಸಿರು ಪಟ್ಟಿ ಮಾಯವಾಯಿತು. ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಪರದೆ ಕೇಳಿತು. ಮಾಡಿದರೆ ನಲವತ್ತೊಂದು ಜನರ ಕಾಲಿನ ಅಳತೆ ಅಳಿಸಿಹೋಗುತ್ತದೆ.

ಫ್ಯಾನು ಡಿಸ್ಕಿನ ಕರೆಂಟು ಎಳೆದುಕೊಂಡಿದೆ ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವನೇ ಮಾತಾಡಿದ.

"ಅಯ್ಯೋ, ನನ್ನಿಂದಾನೇ ಆಗಿದ್ದು. ನಿನ್ನೆ ಬಸ್ಸಲ್ಲಿ ಬ್ಯಾಗು ಮೇಲಿಂದ ಬಿತ್ತು ಮೇಡಂ. ತೆಗೆದು ನೋಡೂ ಇಲ್ಲ ನಾನು. ಎಂಥಾ ಬೇಜವಾಬ್ದಾರಿ."

"ಕೇಬಲ್ಲೋ ಏನೋ ಇರ್ಬೇಕು... ನೋಡ್ತೀನಿ," ಎಂದಳು ಅವಳು. ಇದು ಎರಡನೆಯ ಸುಳ್ಳು, ಮೊದಲನೆಯದಕ್ಕಿಂತ ಹೊಲಸು. ಅವನು ತಲೆ ತಗ್ಗಿಸಿ ಕಾರಿಡಾರಿಗೆ ಹೋದ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಫೋನಿನಲ್ಲಿ ಅವನು ಮಾತಾಡುವುದು ಒಂದಕ್ಷರ ಬಿಡದೆ ಕೇಳಿಸುತ್ತಿತ್ತು.

"ಅಜ್ಜೀ, ನಾನು, ಕಾಲು ಮೇಷ್ಟ್ರು... ನಿಮ್ಮ ಅಳತೆ ಹಾಳಾಗಿರೋ ಹಾಗಿದೆ. ಇಲ್ಲ ಅಜ್ಜಿ, ಮಷೀನಿನ ತಪ್ಪಲ್ಲ, ನಂದೇ. ಬ್ಯಾಗು ಬೀಳಿಸ್ಬಿಟ್ಟೆ. ಇನ್ನೊಂದ್ಸಲ ಕ್ಯಾಂಪಿಗೆ ಬರ್ಬೇಕಾಗತ್ತೇನೋ. ಗೊತ್ತು, ಎರಡು ಬಸ್ಸು ಹತ್ತಿ ಇಳಿದು... ಗೊತ್ತಜ್ಜಿ. ಕ್ಷಮಿಸ್ಬಿಡಿ."

ಅವಳು ಕುರ್ಚಿಯಲ್ಲಿ ಕುಗ್ಗಿಹೋದಳು. ಒಂದು ಕಾಲಿನಲ್ಲಿ ಎರಡು ಬಸ್ಸು ಹತ್ತಿ ಇಳಿಯಬೇಕಾದ ಮುದುಕಿ. ಮಾಡದ ತಪ್ಪಿಗೆ ಕ್ಷಮೆ ಕೇಳುತ್ತಿರುವ ಅವನು. ಇಷ್ಟರ ನಡುವೆ ಅವನ ಖಾಲಿ ಕುರ್ಚಿಗೆ ಗಾಳಿ ಬೀಸುತ್ತಿದ್ದ ಆ ದರಿದ್ರ ಫ್ಯಾನು. ನೆಲ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು. ಈಗ ಸುಮ್ಮನಿದ್ದರೆ ಅವನು ತನ್ನವನಾದರೂ ಆಗಬಹುದು, ಹೇಳಿದರೆ ಮತ್ತೆ ಈ ಕೋಣೆಗೆ ಕಾಲಿಡಲಾರ. ಎರಡೂ ಸ್ಪಷ್ಟವಾಗಿದ್ದವು. ಅವನು ಎರಡನೆಯ ನಂಬರ್ ಒತ್ತುವುದು ಕಾಣಿಸಿದಾಗ ಅವಳು ಎದ್ದಳು.

"ಫೋನ್ ಇಡಿ."

"ಹಾಂ?"

"ಯಾರಿಗೂ ಮಾಡ್ಬೇಡಿ. ನಿಮ್ಮ ಬ್ಯಾಗಿಂದ ಆಗಿದ್ದಲ್ಲ. ನನ್ನಿಂದ ಆಗಿದ್ದು. ಡಿಸ್ಕಿಗೆ ಕರೆಂಟ್ ಸಾಲ್ಲಿಲ್ಲ. ಹಬ್‌ಗೆ ಹಾಕ್ಬಾರ್ದಿತ್ತು, ಗೊತ್ತಿದ್ದೂ ಹಾಕ್ದೆ. ಮತ್ತೆ..." ಅವಳು ಒಳಗಿನ ಕಂಪ್ಯೂಟರಿನತ್ತ ಕೈ ತೋರಿಸಿದಳು. "ಹಿಂದಿನ ನೀಲಿ ಪೋರ್ಟು ಕೆಟ್ಟಿಲ್ಲ."

ಅವನು ಫೋನ್ ಜೇಬಿಗಿಟ್ಟ.

"ಒಂದೂ ಕೆಟ್ಟಿಲ್ವಾ?"

"ಒಂದೂ ಇಲ್ಲ."

"ಮತ್ತೆ ನಾಲ್ಕು ವಾರದಿಂದ ಮೂರು ಮೂರು ಗಂಟೆ..."

"ಮುಕ್ಕಾಲು ಗಂಟೇಲಿ ಮುಗಿದ್ರೆ ನೀವು ಮುಕ್ಕಾಲು ಗಂಟೆಗೇ ಎದ್ದು ಹೋಗ್ತಿದ್ರಿ."

ಅವಳು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಕೆನ್ನೆ, ಕಿವಿ, ಕತ್ತು, ಎಲ್ಲವೂ ಉರಿಯುತ್ತಿತ್ತು. ಅವನು ನಗುತ್ತಾನೇನೋ ಎಂಬ ಒಂದು ಸಣ್ಣ ಆಸೆ ಇತ್ತು. ಅವನು ನಗಲಿಲ್ಲ.

"ಮೊದಲು ಡಿಸ್ಕ್ ನೋಡಿ," ಎಂದ.

ಅವಳು ಫ್ಯಾನ್ ಕಿತ್ತಳು, ಹಬ್ ಕಿತ್ತಳು, ಆ ಉದ್ದದ ಕೇಬಲ್ಲನ್ನು ಕಸದ ಬುಟ್ಟಿಗೆ ಹಾಕಿದಳು. ಗೇಣುದ್ದದ ದಪ್ಪ ಕೇಬಲ್ ಹಿಡಿದು, ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಮಂಡಿಯೂರಿ ಮೇಜಿನಡಿ ನುಗ್ಗಿ, ಧೂಳು ಒರೆಸಿ, ನೀಲಿ ಪೋರ್ಟಿಗೆ ಸಿಕ್ಕಿಸಿದಳು. ಟಿಕ್ ಟಿಕ್ ಇಲ್ಲ. ಡಿಸ್ಕು ಒಂದೇ ಸಮನೆ ಗುಂಯ್‌ಗುಟ್ಟಿತು. ಫಾರ್ಮ್ಯಾಟ್ ಪ್ರಶ್ನೆ ಮತ್ತೆ ಬರಲಿಲ್ಲ. ಫೋಲ್ಡರುಗಳು ಒಂದೊಂದಾಗಿ ಕಾಣಿಸಿಕೊಂಡವು. ಮೊದಲು ಸಿಕ್ಕಿದ್ದನ್ನೆಲ್ಲ ಕಾಪಿ ಮಾಡಿಕೊಂಡಳು, ಆಮೇಲೆ ಡಿಸ್ಕನ್ನು ಪರೀಕ್ಷೆಗೆ ಹಾಕಿದಳು. ಅವನು ಅಷ್ಟು ಹೊತ್ತೂ ನಿಂತೇ ಇದ್ದ. ಕುರ್ಚಿ ಪಕ್ಕದಲ್ಲೇ ಇತ್ತು.

ನಲವತ್ತು ಜನರದ್ದು ಸಿಕ್ಕಿತು. ಕರೆಂಟು ಹೋದಾಗ ಅವನು ಬರೆಯುತ್ತಿದ್ದ ಟೈಲರಜ್ಜಿಯ ಫೋಲ್ಡರ್ ಮಾತ್ರ ಖಾಲಿ.

"ನಾಳೆ ನಾನೇ ಸ್ಕ್ಯಾನರ್ ತಗೊಂಡು ಅವರ ಮನೆಗೆ ಹೋಗ್ತೀನಿ. ಅಜ್ಜಿ ಬಸ್ ಹತ್ತೋದು ಬೇಡ," ಎಂದಳು.

"ನಿಮಗೆ ಸ್ಕ್ಯಾನ್ ಮಾಡೋಕೆ ಬರಲ್ಲ." ಅವನು ಬ್ಯಾಗು ಹೆಗಲಿಗೇರಿಸಿದ. "ನಾನೂ ಬರ್ತೀನಿ. ಆದ್ರೆ ಅಜ್ಜಿಗೆ ನೀವೇ ಹೇಳ್ಬೇಕು." ಬಾಗಿಲಲ್ಲಿ ಒಮ್ಮೆ ನಿಂತ. "ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ಳಿ ಅಂತ ಹೇಳೋಕೆ ಬಾಯಿರಲಿಲ್ವೇನ್ರೀ ನಿಮಗೆ?"

ಮರುದಿನ ಎರಡು ಬಸ್ಸುಗಳಲ್ಲೂ ಅವನು ಮಾತಾಡಲಿಲ್ಲ. ಟೈಲರಜ್ಜಿಯದು ಒಂದೇ ಕೋಣೆ, ಬಾಗಿಲ ಬೆಳಕಿಗೆ ಎದುರಾಗಿ ಹೊಲಿಗೆ ಮಷೀನು. ಅಜ್ಜಿ ಒಂಟಿ ಕಾಲಲ್ಲಿ ಪೆಡಲ್ ತುಳಿಯುತ್ತಾ, ಅದು ನಿಂತಾಗಲೆಲ್ಲ ಚಕ್ರವನ್ನು ಕೈಯಲ್ಲಿ ತಳ್ಳುತ್ತಿದ್ದಳು. ಸಿಸ್ಟಮ್ ಮೇಡಂ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಫ್ಯಾನನ್ನೂ ಬಿಡಲಿಲ್ಲ.

ಅಜ್ಜಿ ಬಾಯಲ್ಲಿದ್ದ ದಾರ ಕಡಿದು ಉಗಿದಳು. "ಫ್ಯಾನ್ ಯಾಕಮ್ಮ ಹಾಕಿದ್ದು?"

"ಅವ್ರಿಗೆ... ಸೆಕೆ ಆಗ್ತಿತ್ತು ಅಜ್ಜಿ."

ಅಜ್ಜಿ ಕನ್ನಡಕದ ಮೇಲಿಂದ ಅವಳನ್ನು ನೋಡಿದಳು, ಆಮೇಲೆ ಅವನನ್ನು. "ಇವ್ನು ನೋಡು, ಬ್ಯಾಗು ಬೀಳಿಸ್ದೆ ಅಂತ ನಿನ್ನೆ ಫೋನಲ್ಲಿ ಅಳೋದೊಂದು ಬಾಕಿ. ನಾಚಿಕೆ ಆಯ್ತಾ ನಿಂಗೆ?"

"ಆಯ್ತು."

"ಆಗ್ಲಿ. ಚೆನ್ನಾಗಿ ಆಗ್ಲಿ. ಈಗ ಬಾ, ಮಂಡಿ ಹಿಡ್ಕೋ, ನಂಗೆ ನಡುಗತ್ತೆ."

ಅವಳು ನೆಲದಲ್ಲಿ ಕೂತು ಆ ತುಂಡು ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ಬೆಚ್ಚಗಿತ್ತು, ಹಗುರವಾಗಿತ್ತು. ಅವಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವನು ಸ್ಕ್ಯಾನರ್ ಹಿಡಿದು ಸುತ್ತ ಬಂದ. "ಸ್ವಲ್ಪ ಮೇಲೆ," ಎಂದ. ಬೆಳಗಿನಿಂದ ಅವಳ ಜೊತೆ ಆಡಿದ ಮೊದಲ ಮಾತು. ಆಮೇಲೆ ಮೆತ್ತಗೆ, "ಹಾಂ, ಹಾಗೇ. ಸರಿಯಾಗಿ ಹಿಡ್ದಿದೀರ."

ಸೋಮವಾರ ಅವಳು ಮೇಲಿನವರ ಮುಂದೂ ತಪ್ಪು ಒಪ್ಪಿಕೊಂಡಳು, ಸರಿಯಾಗಿ ಬೈಸಿಕೊಂಡಳು.  ಶನಿವಾರ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಮುಟ್ಟಲಿಲ್ಲ. ಅಕ್ಕ ನೋಡಿ, ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ಅವನು ಬಂದ. ಕಂಕುಳಲ್ಲಿ ಒಂದು ರಟ್ಟಿನ ಡಬ್ಬವಿತ್ತು. ಒಳಗಿನಿಂದ ಒಂದು ಟೇಬಲ್ ಫ್ಯಾನ್ ತೆಗೆದು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ.

"ಇದಕ್ಕೆ ಗೋಡೆ ಕರೆಂಟು," ಎಂದ. "ಪಾಪ, ಆ ಡಿಸ್ಕಿಂದ ಕಿತ್ಕೊಳ್ಳೋದು ಬೇಡ."

ಅವಳು ನಗಲೂ ಆಗದೆ ಮೇಜಿನಡಿ ಬಗ್ಗಿ ನೀಲಿ ಪೋರ್ಟಿಗೆ ಡಿಸ್ಕ್ ಹಾಕಿದಳು. ಹಸಿರು ಪಟ್ಟಿ ಸರಸರನೆ ಓಡಿತು. ಅವಳ ಜನ್ಮದಲ್ಲಿ ಮುಕ್ಕಾಲು ಗಂಟೆ ಅಷ್ಟು ಬೇಗ ಮುಗಿದಿರಲಿಲ್ಲ. ಡಿಸ್ಕನ್ನು ಸರಿಯಾಗಿ ಎಜೆಕ್ಟ್ ಮಾಡಿ ಅವನ ಕೈಗಿಟ್ಟಳು.

"ಮುಗೀತು."

ಅವನು ಎದ್ದ. ಡಿಸ್ಕನ್ನು ಕವರಿನಲ್ಲಿಟ್ಟ, ಕವರನ್ನು ಬ್ಯಾಗಿನಲ್ಲಿಟ್ಟ, ಜಿಪ್ಪನ್ನು ಒಂದೊಂದೇ ಹಲ್ಲು ಎಣಿಸುವವನಂತೆ ಎಳೆದ. ಬಾಗಿಲವರೆಗೆ ಹೋದ.

ಅವಳ ಮುಖಕ್ಕೆ ಮತ್ತೆ ಬಿಸಿ ಏರಿತು. ಈ ಸಲ ತಲೆ ತಗ್ಗಿಸಲಿಲ್ಲ.

"ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ಳಿ."

"ಯಾಕೆ? ಕಾಪಿ ಮುಗೀತಲ್ಲ."

"ಕಾಪಿಗಲ್ಲ. ನೀವಿದ್ರೆ ನಂಗೆ ಇಷ್ಟ."

ಅವನ ಕಿವಿ ಕೆಂಪಾಯಿತು. ಬ್ಯಾಗು ಹೆಗಲಿನಿಂದ ಜಾರಿ ಕೆಳಗಿಳಿಯಿತು. "ಎಷ್ಟು ಹೊತ್ತು?"

ಅವಳು ಅಭ್ಯಾಸಬಲದಿಂದ ಪರದೆಯತ್ತ ನೋಡಿದಳು. ಇಷ್ಟು ಬಾಕಿ ಎಂದು ಹೇಳಲು ಅಲ್ಲಿ ಏನೂ ಇರಲಿಲ್ಲ.

"ಗೊತ್ತಿಲ್ಲ," ಎಂದಳು.

ಅವನು ಕುರ್ಚಿ ಎಳೆದುಕೊಂಡು ಕೂತ.