ಗೋಡೆಯಿಂದ ನಾಲ್ಕು ಬೆರಳು

“ಕಿಟಕಿ ಮುಚ್ಚಿ! ಎಲ್ಲಾನೂ ಮುಚ್ಚಿ!”

ಬಾಗಿಲಲ್ಲಿ ಕಾಲಿಡುತ್ತಲೇ ಹಾಗೆ ಕೂಗಿದ ಬಡಗಿ ಲಿಯೆನ್, ಮರುಕ್ಷಣ ಜಾರಿದಳು. ನೆಲದ ಟೈಲ್ಸ್ ಮೇಲೆಲ್ಲ ನೀರು ಹನಿಗಟ್ಟಿತ್ತು. ಹೊಲಿಗೆ ಮೆಷಿನ್ ಬಿಟ್ಟು ಓಡಿ ಬಂದ ಯುವಕ ಅವಳ ಮೊಣಕೈ ಹಿಡಿದ. ಬಿಡುವುದಕ್ಕೆ ಮಾತ್ರ ಸ್ವಲ್ಪ ತಡಮಾಡಿದ.

“ಬಟ್ಟೆ ಒಣಗಲಿ ಅಂತ ತೆಗೆದಿದ್ದೆ,” ಅಂದ.

“ಸೈಗಾನಿನವರಾ?”

“ಮುಖದ ಮೇಲೆ ಬರೆದಿದೆಯಾ?”

“ನೆಲದ ಮೇಲೆ ಬರೆದಿದೆ.”

ಹನೋಯ್ ನಗರದಲ್ಲಿ ಹುಟ್ಟಿದವರು ಯಾರೂ ನೋಮ್ ಎಂಬ ಈ ತೇವದ ಕಾಲದಲ್ಲಿ ಕಿಟಕಿ ತೆರೆಯುವುದಿಲ್ಲ. ಚಳಿ ತಗ್ಗುತ್ತಲೇ ಸಮುದ್ರದ ಕಡೆಯಿಂದ ಬೆಚ್ಚನೆಯ ಒದ್ದೆ ಗಾಳಿ ಬರುತ್ತದೆ. ಚಳಿಗಾಲದ ತಂಪನ್ನು ಇನ್ನೂ ಒಳಗಿಟ್ಟುಕೊಂಡಿರುವ ಗೋಡೆ, ನೆಲ, ಕನ್ನಡಿ ಎಲ್ಲವೂ ಅದು ಸೋಕಿದ ಕೂಡಲೇ ಬೆವರುತ್ತವೆ. ಸೈಗಾನಿನಲ್ಲಿ ತೇವವೆಂದರೆ ಕಿಟಕಿ ತೆರೆ, ಇಲ್ಲಿ ಮುಚ್ಚು. ಈ ಯುವಕ ತ್ವಾನ್‌ಗೆ ಇದನ್ನು ಯಾರೂ ಹೇಳಿರಲಿಲ್ಲ. ಹೊಸ ವರ್ಷದ ಹಬ್ಬ ಮುಗಿಸಿ ಬಂದು, ಈ ಕೋಣೆ ಬಾಡಿಗೆಗೆ ಹಿಡಿದು, ರೇಷ್ಮೆಯ ನಿಲುವಂಗಿ ಹೊಲಿಯುವ ಅಂಗಡಿ ಇಟ್ಟಿದ್ದ. ಈಗ ನಿಲುವಂಗಿಗಳ ಅಂಚಿನಲ್ಲಿ ಬೂದು ಬಣ್ಣದ ಬೂಷ್ಟು ಹೂ ಬಿಟ್ಟಿತ್ತು.

“ಅದಕ್ಕೇ ನಿಮ್ಮನ್ನ ಕರೆಸಿದ್ದು. ಒಂದು ವಾರ್ಡ್‌ರೋಬ್ ಬೇಕು. ಈ ಗೋಡೆಯಿಂದ ಆ ಗೋಡೆವರೆಗೆ, ಗೋಡೆಗೇ ಕೂರಿಸಿ. ನಮ್ಮಮ್ಮನ ಮನೇಲಿರೋ ಹಾಗೆ ಪಟ್ಟಿ ಪಟ್ಟಿ ಬಾಗಿಲು, ಗಾಳಿ ಆಡೋ ಥರ. ಯಾರು ಬಂದ್ರೂ ಅಲ್ಲಾಡಿಸೋಕೆ ಆಗ್ಬಾರ್ದು.”

ಅಲ್ಲಾಡಿಸೋಕೆ ಆಗ್ಬಾರ್ದು. ಯಾಕೋ ಆ ಮಾತು ಲಿಯೆನ್‌ಗೆ ಹಿತವಾಯಿತು. ಟೇಪ್ ಬಿಚ್ಚಿದಳು. ಅವನು ಗೋಡೆ ಬಿಟ್ಟು ಅವಳನ್ನು ನೋಡುತ್ತಿದ್ದ.

“ಏನು ನೋಡ್ತಿದ್ದೀರಿ?”

“ಭುಜ. ಎಡಗಡೆದು ಚೂರು ಇಳಿದಿದೆ. ದರ್ಜಿ ಕಣ್ಣು, ತಪ್ಪು ತಿಳ್ಕೋಬೇಡಿ.”

“ತಿಳ್ಕೊಂಡಾಯ್ತು,” ಎಂದು ಉಪಕರಣದ ಚೀಲವನ್ನು ಬಲಭುಜಕ್ಕೆ ಹಾಕಿಕೊಂಡಳು.

ಒಂದೇ ಸಲ ಅಳೆದರೆ ಸಾಕಾಗಿದ್ದ ಆ ಗೋಡೆಯನ್ನು ಅವಳು ವಾರವೆಲ್ಲ ಅಳೆದಳು. ಒಮ್ಮೆ ತೇವ ಅಳೆಯುವ ಮೀಟರ್ ಹಿಡಿದು, ಒಮ್ಮೆ ಮರದ ತುಂಡುಗಳನ್ನು ತೋರಿಸಲು, ಒಮ್ಮೆ ಏನನ್ನೂ ಹಿಡಿಯದೆ. ತ್ವಾನ್ ಹಸಿರು ಚಹಾ ಸುರಿದು ಕೊಡುತ್ತ, “ಗೋಡೆ ದಿನಾ ಬೆಳೀತಿದೆಯಾ?” ಎಂದು ಕೇಳುತ್ತಿದ್ದ. ಅವಳು ಬಿಸಿ ಲೋಟದ ಆವಿಯ ಹಿಂದೆ ನಗು ಬಚ್ಚಿಡುತ್ತಿದ್ದಳು.

ತಿಂಗಳ ಕೊನೆಯೊಳಗೆ ಕೋಣೆ ಉಳಿಸಿಕೊಳ್ಳುವೆಯೋ ಬಿಡುವೆಯೋ ಹೇಳು ಎಂದು ಮನೆ ಮಾಲೀಕ ಅವನಿಗೆ ಗಡುವು ಕೊಟ್ಟಿದ್ದು ಅವಳಿಗೆ ಗೊತ್ತಿತ್ತು. ಊರಿಗೆ ಬಂದುಬಿಡು ಎಂದು ಅವನ ತಾಯಿ ದಿನವೂ ಫೋನ್ ಮಾಡುವುದೂ ಗೊತ್ತಿತ್ತು.

ನಕ್ಷೆ ಬಿಡಿಸಿ ತಂದ ದಿನ ಅವಳಿಗೆ ಹೆಮ್ಮೆ ತಡೆಯುವಂತಿರಲಿಲ್ಲ. “ನೋಡಿ. ಪಟ್ಟಿ ಬಾಗಿಲು ಬೇಡ, ಒದ್ದೆ ಗಾಳಿ ಒಳಗೆ ನುಗ್ಗುತ್ತೆ. ಅಂಚಿಗೆ ರಬ್ಬರ್ ಇಟ್ಟು ಬಿಗಿಯಾಗಿ ಮುಚ್ಚೋ ಬಾಗಿಲು. ಅಗಲ ಎರಡು ತೋಳಿನಷ್ಟೇ. ಕೆಳಗೆ ಎತ್ತರದ ಕಾಲು. ಗೋಡೆಯಿಂದ ನಾಲ್ಕು ಬೆರಳು ದೂರ. ಬೇಕಾದಾಗ ಬಿಚ್ಚಿ ಬೇರೆ ಕಡೆ ಜೋಡಿಸ್ಬಹುದು!”

ತ್ವಾನ್ ನಕ್ಷೆಯನ್ನು ಬಹಳ ಹೊತ್ತು ನೋಡಿದ.

“ಅಂದ್ರೆ, ನಾನು ಹೋಗೋದು ನೀವೂ ಖಾತ್ರಿ ಮಾಡ್ಕೊಂಡ್ಬಿಟ್ರಿ.”

“ನಾನು ಹಾಗೆ ಎಲ್ಲಿ ಹೇಳ್ದೆ?”

“ಗೋಡೆಗೆ ಕೂರಿಸಿ ಅಂದೆ. ಹೊತ್ಕೊಂಡು ಹೋಗೋ ಹಾಗೆ ಮಾಡಿ ತಂದ್ರಿ. ಸರಿ ಬಿಡಿ. ಅದೇ ಮಾಡಿ.”

ಅವನು ಮೆಷಿನ್ ಕಡೆ ತಿರುಗಿದ. ಗೋಡೆಯ ತಂಪು, ಗಾಳಿಯ ತೇವ ಎಲ್ಲವನ್ನೂ ವಿವರಿಸಬಲ್ಲ ಲಿಯೆನ್ ಆಗ ನಕ್ಷೆ ಸುತ್ತಿಕೊಂಡು ಮೆಟ್ಟಿಲಿಳಿದುಬಿಟ್ಟಳು.

ಅಂದಿನಿಂದ ಅವಳ ಕೈ ಕಾಲು ಒಂದು ಕಡೆ ನಿಲ್ಲಲಿಲ್ಲ. ಅಪ್ಪನ ಮರಗೆಲಸದ ಕಾರ್ಖಾನೆಯಲ್ಲಿ ಹಲಗೆ ಎತ್ತಿ ಇಟ್ಟಳು, ಮತ್ತೆ ಎತ್ತಿದಳು. ಕೀಸುಳಿ ಹಿಡಿದು ಕೀಸಲು ಮರೆತಳು. ಬೀದಿಯಲ್ಲಿ ಮೋಟಾರ್‌ಬೈಕ್ ನಿಂತ ಸದ್ದಾದರೆ ಸಾಕು, ಬಾಗಿಲಿಗೆ ಹೋಗಿ ಬರುವಳು.

“ತೇವ ಕುಡಿದ ಬಾಗಿಲಿನ ಹಾಗೆ ಆಗಿದ್ದೀಯಲ್ಲೇ,” ಎಂದರು ಅಪ್ಪ. “ಚೌಕಟ್ಟಲ್ಲಿ ಕೂರೋದೇ ಇಲ್ಲ ಅಂತೀಯ.”

“ಸುಮ್ನಿರಪ್ಪ.”

“ನಾನು ಸುಮ್ನೇ ಇದೀನಿ. ನೆಲ ಸವೀತಿರೋದು ನಿನ್ನ ಕಾಲಿಂದ.”

ಒಂದು ಮಧ್ಯಾಹ್ನ ಇನ್ನೊಂದು ನಕ್ಷೆ ಬಿಡಿಸಿದಳು. ಗೋಡೆಯಿಂದ ಗೋಡೆಗೆ, ಮೊಳೆ ಹೊಡೆದು ಕೂರಿಸಿದ್ದು, ಅವನು ಕೇಳಿದ ಹಾಗೇ. ಇದನ್ನು ನೋಡಿದರೆ ಅವನ ಮುಖ ಅರಳುತ್ತದೆ. ಇಂಥದ್ದನ್ನು ಮಾಡಿಸಿಕೊಂಡವನು ಸುಲಭವಾಗಿ ಊರು ಬಿಡಲಾರ. ಆದರೆ ಮುಂದಿನ ನೋಮ್ ಹೊತ್ತಿಗೆ ಬೀರುವಿನ ಬೆನ್ನು ಗೋಡೆಯ ನೀರು ಕುಡಿದು ಉಬ್ಬಿರುತ್ತದೆ, ರೇಷ್ಮೆಯೆಲ್ಲ ಕೊಳೆತಿರುತ್ತದೆ. ಅವನನ್ನು ಉಳಿಸಿಕೊಳ್ಳಲು ಅವನ ದುಡಿಮೆಯನ್ನೇ ಹಾಳು ಮಾಡುವುದೇ? ಹಲಗೆಯ ಮೇಲೆ ಪೆನ್ಸಿಲ್ ಗೆರೆ ಎಳೆದಳು, ಗರಗಸ ಇಡಲಾಗಲಿಲ್ಲ. ಗೆರೆ ಉಜ್ಜಿ ಅಳಿಸಿ, ಮೊದಲ ನಕ್ಷೆಯನ್ನೇ ಕೈಗೆತ್ತಿಕೊಂಡಳು.

ವಾರ್ಡ್‌ರೋಬ್ ತಲುಪಿಸಿದ ಬೆಳಿಗ್ಗೆ ತ್ವಾನ್‌ನ ಕಿಟಕಿಗಳೆಲ್ಲ ಮುಚ್ಚಿದ್ದವು. ಮೂಲೆಯಲ್ಲಿ ಕಟ್ಟಿಟ್ಟ ಸೂಟ್‌ಕೇಸ್ ಅವಳ ಕಣ್ಣಿಗೆ ಬಿತ್ತು. ಅಪ್ಪ ಕೊನೆಯ ಕೀಲು ಬಿಗಿದು, “ಕೆಳಗೆ ಚಹಾ ಕುಡೀತಿರ್ತೀನಿ. ನಿಧಾನಕ್ಕೆ ಬಾ,” ಎಂದು ಇಳಿದು ಹೋದರು.

ಲಿಯೆನ್ ತಿರುಗಿ ನಿಂತು ಒಂದೇ ಉಸಿರಿಗೆ ಹೇಳಿದಳು. “ಗೋಡೆಗೆ ತಾಗಿಸಿದ್ರೆ ಕೊಳೆಯುತ್ತೆ. ದೂರ ಇಟ್ಟಿದ್ದು ಉಳೀಲಿ ಅಂತ. ಹೋಗಲಿ ಅಂತ ಅಲ್ಲ. ನೀವು ಹೋಗ್ಬೇಡಿ.”

ತ್ವಾನ್ ಬೀರುವಿನ ಹಿಂದಿನ ಸಂದಿಯನ್ನು ಬಗ್ಗಿ ನೋಡಿದ.

“ನಾಲ್ಕು ಬೆರಳು ಅಂದ್ರಲ್ಲ. ಯಾರ ಬೆರಳು?”

“ನನ್ನದು.”

“ಅದಕ್ಕೇ ನನ್ನ ಕೈ ಹೋಗ್ತಿಲ್ಲ.” ಆದರೂ ಕೈಯನ್ನು ಓರೆ ಮಾಡಿ ಒಳಗೆ ತೂರಿಸಿದ. ಆ ಬದಿಯಿಂದ ಅವಳೂ ತೂರಿಸಿದಳು. ಮರಕ್ಕೂ ಗೋಡೆಗೂ ನಡುವಿನ ಕತ್ತಲಲ್ಲಿ ಬೆರಳ ತುದಿಗಳು ಸಿಕ್ಕವು. ಬಿಡುವ ಆತುರ ಯಾರಿಗೂ ಇರಲಿಲ್ಲ.

“ಸೂಟ್‌ಕೇಸ್?” ಎಂದಳು ಮೆಲ್ಲಗೆ.

“ಒಣಗಿದ ಜಾಗ ಅಂತ ಈ ಊರಲ್ಲಿ ನನಗಿದ್ದದ್ದು ಅದೊಂದೇ. ತೆಗೆದು ನೋಡಿ.”

ಒಳಗೆ ತಾವರೆ ಎಲೆಯ ಬಣ್ಣದ ನಿಲುವಂಗಿ. ಎಡಭುಜ ಚೂರು ಇಳಿಸಿ ಹೊಲಿದದ್ದು. ಅವನು ಅದನ್ನು ಹೊಸ ಬೀರುವಿನಲ್ಲಿ ಮೊದಲ ಬಟ್ಟೆಯಾಗಿ ತೂಗುಹಾಕಿದ.

“ಕಣ್ಣಳತೆ. ತೋಳು ಗಿಡ್ಡ ಆಗಿರ್ಬಹುದು. ಸರಿಯಾಗಿ ಅಳೀಬೇಕು. ನಾನೂ ಬಹಳ ನಿಧಾನ, ದಿನಾ ಅಳೀತೀನಿ. ಕೋಣೆ ಉಳಿಸ್ಕೋತೀನಿ ಅಂತ ಮಾಲೀಕರಿಗೆ ನಿನ್ನೆನೇ ಹೇಳಿದೆ. ನೀವು ಯಾವ ಬೀರು ತಂದ್ರೂ ಇರೋದು ಅಂತ.”

ಹೊರಗೆ ಮರಗಳು ಸದ್ದು ಮಾಡಿದವು. ಉತ್ತರದ ಒಣ ಗಾಳಿ ಎದ್ದಿತ್ತು. ಲಿಯೆನ್ ಬಗ್ಗಿ ನೆಲ ಮುಟ್ಟಿದಳು. ಅಂಗೈಗೆ ನೀರು ಹತ್ತಲಿಲ್ಲ.

“ಏನಾಯ್ತು?” ಎಂದ ತ್ವಾನ್.

“ಈಗ,” ಅಂದಳು, “ಕಿಟಕಿ ತೆಗೀರಿ.”